ಅಂಗಡಿಯ ಬಾಗಿಲಲ್ಲಿ ತಡೆದು ನಿಲ್ಲಿಸಿದಾಗ



ಕಳೆದ ತಿಂಗಳು ಬಟವಾಡೆಗೆ ಇನ್ನೂ ನಾಲ್ಕು ದಿನ ಇರುವಾಗ ನಮ್ಮ ಪಾಡಿಯ ಒಬ್ಬ ಸಹೋದರಿ ಪೇಟೆಯ ದೊಡ್ಡ ಅಂಗಡಿಯೊಂದರಲ್ಲಿ ಹಿಡಿಯಲ್ಪಟ್ಟಳು. ಸೆರಗಿನ ಮರೆಯಲ್ಲಿ ಮಗುವಿನ ಹಾಲಿನ ಪುಡಿಯ ಒಂದು ಪೊಟ್ಟಣವೂ ಎರಡು ಸಾಬೂನುಗಳೂ ಇದ್ದವು. ಅಂಗಡಿಯವರು ಆಕೆಯನ್ನು ಬಾಗಿಲ ಬಳಿ ಕೂರಿಸಿ, ಆ ಪೊಟ್ಟಣವನ್ನು ಕೈಗೆ ಕೊಟ್ಟು ಫೋಟೋ ತೆಗೆದರು. ಆಕೆ ಸಂಜೆಯ ಬಸ್ಸಿನಲ್ಲಿ ಮನೆ ಸೇರುವುದಕ್ಕೆ ಮುಂಚೆಯೇ ಫೋಟೋ ಪಾಡಿಗೆ ಬಂದು ಸೇರಿತ್ತು. ಅದನ್ನು ಒಬ್ಬರಿಂದೊಬ್ಬರಿಗೆ ಕಳುಹಿಸಿದವರು ನಮ್ಮವರೇ. ನಮ್ಮ ಐಕ್ಯದ ಸದಸ್ಯರೂ ಕಳುಹಿಸಿದರು. ಇದನ್ನು ನಾವು ಮುಚ್ಚಿಡುವುದಿಲ್ಲ. ಎಂಟು ದಿನ ಆಕೆ ಸೊಪ್ಪು ಕೀಳಲು ಬರಲಿಲ್ಲ. ದೊಡ್ಡ ಮಗಳು ಶಾಲೆಗೂ ಹೋಗಲಿಲ್ಲ.

ಸಮಿತಿಯ ಕೂಟದಲ್ಲಿ ಹಿರಿಯರೊಬ್ಬರು, "ಕಳ್ಳತನ ಕಳ್ಳತನವೇ, ಅದಕ್ಕೆ ಕಾರಣ ಕೇಳಬಾರದು" ಅಂದರು. ಮೊದಲನೆಯ ಮಾತು ನಿಜ. ಎರಡನೆಯದನ್ನು ನಾವು ಒಪ್ಪಲಾರೆವು. ಕಾರಣ ಕೇಳದೆ ಇದ್ದರೆ ಮುಂದಿನ ತಿಂಗಳು ಇನ್ನೊಬ್ಬಳು ಅದೇ ಬಾಗಿಲಲ್ಲಿ ನಿಲ್ಲುತ್ತಾಳೆ.

ನಮ್ಮ ತಂದೆತಾಯಿಗಳ ಕಾಲದಲ್ಲಿ ಅಂಗಡಿಯವನಿಗೂ ನಮಗೂ ನಡುವೆ ಒಂದು ಹಲಗೆ ಇತ್ತು. ಬೇಕಾದದ್ದನ್ನು ಅವನೇ ಅಳೆದು ಕೊಡಬೇಕು. ಕೈಯಲ್ಲಿ ಕಾಸಿಲ್ಲದಿದ್ದರೆ ಪತ್ತಿನ ಪುಸ್ತಕದಲ್ಲಿ ಬರೆಯುತ್ತಿದ್ದನು. ಒಂದಕ್ಕೆ ಎರಡು ಬರೆದವರೂ ಇದ್ದರು, ಅದು ಬೇರೆ ಮಾತು. ಈಗಿನ ಅಂಗಡಿಯಲ್ಲಿ ಹಲಗೆಯೂ ಇಲ್ಲ, ಪತ್ತೂ ಇಲ್ಲ. ಸಾಮಾನೆಲ್ಲ ಕೈಗೆ ಎಟುಕುವಂತೆ ಹರಡಿದೆ, ಮೇಲೆ ಕ್ಯಾಮೆರಾ ನೋಡುತ್ತಿದೆ. ಮಂಜು ಬಿದ್ದು ಸೊಪ್ಪು ಕಮ್ಮಿಯಾದ ತಿಂಗಳಲ್ಲಿ, ವಾರದ ಸಾಲದ ಕಂತು ಕಟ್ಟಿ, ಗಂಡ ಕುಡಿದು ಉಳಿದದ್ದರಲ್ಲಿ ಮನೆ ನಡೆಸುವ ತಾಯಿ ಆ ಸಾಲುಗಳ ನಡುವೆ ನಡೆಯುವಾಗ ಏನು ನೆನಸುವಳೆಂದು ನಾವು ಬಲ್ಲೆವು.

ಎಲ್ಲರೂ ಹಸಿವಿನಿಂದಲೇ ಕದಿಯುತ್ತಾರೆಂದು ಹೇಳಿದರೆ ಅದೂ ಸುಳ್ಳಾಗುವುದು. ಹುಡುಗರು ಗೆಳೆಯರ ಮುಂದೆ ಧೈರ್ಯ ತೋರಿಸುವುದಕ್ಕೆ ಎತ್ತುತ್ತಾರೆ. ವಯಸ್ಸಾದ ಕೆಲವರು ಮರೆವಿನ ರೋಗದಿಂದ, ಕೈಯಲ್ಲಿ ಹಿಡಿದದ್ದಕ್ಕೆ ಹಣ ಕೊಡಬೇಕೆಂಬ ಗುರುತೇ ಇಲ್ಲದೆ ಹೊರಗೆ ನಡೆದುಬಿಡುತ್ತಾರೆ. ಇನ್ನು ಕೆಲವರಿಗೆ ಆ ವಸ್ತು ಬೇಕಾಗಿಯೇ ಇರುವುದಿಲ್ಲ. ದುಃಖವೋ ಒಂಟಿತನವೋ ಮನಸ್ಸನ್ನು ಹಿಂಡುತ್ತಿರುವಾಗ ಎತ್ತಿಕೊಂಡರೆ ಒಂದು ಗಳಿಗೆ ಹಗುರವೆನಿಸುತ್ತದೆ, ಮರುಗಳಿಗೆ ನಾಚಿಕೆ ಸುಡುತ್ತದೆ. ತಡೆಯಲಾಗದ ಇಂಥ ಗೀಳು ಅಪರೂಪವಾದರೂ ವೈದ್ಯರು ಹೆಸರಿಟ್ಟು ಗುರುತಿಸಿರುವ ಕಾಯಿಲೆ. ಅದಕ್ಕೆ ಚಿಕಿತ್ಸೆಯೂ ಇದೆ. ಬೈಗುಳ ಅದಕ್ಕೆ ಔಷಧವಲ್ಲ.

ಅಂಗಡಿಯ ಕಡೆಯ ಮಾತನ್ನೂ ಆಡಬೇಕು. ಲೆಕ್ಕದಲ್ಲಿ ಸಾಮಾನು ಕಮ್ಮಿ ಬಂದರೆ ಅಲ್ಲಿ ನಿಂತು ಮಾರುವ ಹುಡುಗಿಯ ಸಂಬಳದಿಂದ ಮುರಿದುಕೊಳ್ಳುವ ಮಾಲೀಕರು ಇದ್ದಾರೆ. ಆ ಹುಡುಗಿಯೂ ಯಾವುದೋ ಪಾಡಿಯ ಮಗಳು.

ಈಗ ಕಾನೂನು. 1860ರ ದಂಡ ಸಂಹಿತೆಯ ಸ್ಥಾನದಲ್ಲಿ 2024 ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ನಡೆಯುತ್ತಿದೆ. ಅದರ 303ನೇ ಕಲಮಿನಂತೆ ಕಳ್ಳತನಕ್ಕೆ 3 ವರ್ಷದ ವರೆಗೆ ಸಜೆ, ಜುಲ್ಮಾನೆ, ಅಥವಾ ಎರಡೂ. ಎರಡನೆಯ ಸಲ ದೋಷಿಯಾದರೆ 1 ವರ್ಷಕ್ಕೆ ಕಮ್ಮಿಯಿಲ್ಲದೆ 5 ವರ್ಷದ ವರೆಗೆ ಕಠಿಣ ಸಜೆ. ಆದರೆ ವಸ್ತುವಿನ ಬೆಲೆ 5,000 ರೂಪಾಯಿಗಿಂತ ಕಮ್ಮಿಯಾಗಿದ್ದು, ಮೊದಲನೆಯ ಸಲ ದೋಷಿಯಾದವರು ವಸ್ತುವನ್ನೋ ಬೆಲೆಯನ್ನೋ ಹಿಂದಿರುಗಿಸಿದರೆ ಜೈಲಲ್ಲ, ಸಮುದಾಯ ಸೇವೆಯೇ ಶಿಕ್ಷೆ. ಇದು ಹೊಸದಾಗಿ ಬಂದ ಒಳ್ಳೆಯ ಏರ್ಪಾಡು. ಜಕ್ಕಾಯನು ನಾಲ್ಕರಷ್ಟು ಹಿಂದಕ್ಕೆ ಕೊಟ್ಟನು. ಕಾನೂನು ಒಂದರಷ್ಟೇ ಕೇಳುತ್ತದೆ. ಆದರೂ ಇದರಲ್ಲಿ ಸೂಕ್ಷ್ಮವಿದೆ. ಸರಕು ಇಟ್ಟಿರುವ ಕಟ್ಟಡದಿಂದ ಕದ್ದರೆ 7 ವರ್ಷದ ವರೆಗೆ ಸಜೆಯಿರುವ 305ನೇ ಕಲಮು ಬೇರೆ ಉಂಟು. ಯಾವ ಕಲಮು ಹಾಕುತ್ತಾರೆಂಬುದರ ಮೇಲೆ ಎಲ್ಲವೂ ನಿಂತಿರುವುದರಿಂದ ವಕೀಲರಿಲ್ಲದೆ ತಪ್ಪೊಪ್ಪಿಗೆ ಬರೆದುಕೊಡಬೇಡಿರಿ, ಬಿಳಿ ಕಾಗದಕ್ಕಂತೂ ರುಜು ಹಾಕಲೇಬೇಡಿರಿ.

18 ವರ್ಷ ತುಂಬದ ಮಕ್ಕಳನ್ನು 2015ರ ಬಾಲನ್ಯಾಯ ಕಾಯಿದೆಯಂತೆ ಲಾಕಪ್ಪಿನಲ್ಲಿಯಾಗಲಿ ಜೈಲಿನಲ್ಲಿಯಾಗಲಿ ಇಡುವಂತಿಲ್ಲ; ಬಾಲನ್ಯಾಯ ಮಂಡಳಿಯ ಮುಂದೆ ತರಬೇಕು. ಪೊಲೀಸರು ಹೆಂಗಸನ್ನು ಶೋಧಿಸಬೇಕಾದರೆ ಹೆಂಗಸೇ, ಮರ್ಯಾದೆಗೆ ಕುಂದಿಲ್ಲದಂತೆ ಶೋಧಿಸಬೇಕು. ಅಂಗಡಿಯವರು ಹೊಡೆಯುವುದಕ್ಕೂ, ಬೀಗ ಹಾಕಿ ಕೂಡಿಹಾಕುವುದಕ್ಕೂ, ಹತ್ತರಷ್ಟು 'ಫೈನ್' ಹಾಕುವುದಕ್ಕೂ ಯಾವ ಕಾನೂನೂ ಅಧಿಕಾರ ಕೊಟ್ಟಿಲ್ಲ.

ಹೊಡೆತದ ಮಾತು ಸುಮ್ಮನೆ ಎತ್ತಲಿಲ್ಲ. ನಮ್ಮ ನೀಲಗಿರಿಯ ಮಗ್ಗುಲಿನ ಅಟ್ಟಪ್ಪಾಡಿಯಲ್ಲಿ 2018 ಫೆಬ್ರವರಿ 22ರಂದು ಮಧು ಎಂಬ ಆದಿವಾಸಿ ಯುವಕನನ್ನು, ಅಂಗಡಿಯಿಂದ ಅಕ್ಕಿ ಮೊದಲಾದ ಆಹಾರ ಕದ್ದನೆಂದು ಕಾಡಿನಿಂದ ಹಿಡಿದು ತಂದು, ಕೈ ಕಟ್ಟಿ ಹೊಡೆದರು. ಅವನು ಮನಸ್ಸಿನ ಅಸ್ವಸ್ಥತೆಯಿಂದ ಮನೆ ಬಿಟ್ಟು ಕಾಡಿನಲ್ಲಿ ಇರುತ್ತಿದ್ದವನು. ಕಟ್ಟಿದ ಕೈಗಳೊಡನೆ ನಿಂತಿದ್ದ ಅವನ ಪಕ್ಕದಲ್ಲಿ ನಿಂತು ಫೋಟೋ ತೆಗೆದುಕೊಂಡವರೂ ಇದ್ದರು. ಪೊಲೀಸರು ಆಸ್ಪತ್ರೆಗೆ ಒಯ್ಯುವ ದಾರಿಯಲ್ಲಿ ಅವನ ಪ್ರಾಣ ಹೋಯಿತು. 2023 ಏಪ್ರಿಲ್‌ನಲ್ಲಿ ಮಣ್ಣಾರ್ಕಾಡಿನ ವಿಶೇಷ ನ್ಯಾಯಾಲಯ 14 ಮಂದಿಯನ್ನು ದೋಷಿಗಳೆಂದು ತೀರ್ಮಾನಿಸಿ 13 ಮಂದಿಗೆ 7 ವರ್ಷದ ಕಠಿಣ ಸಜೆ ಕೊಟ್ಟಿತು. ಅಂದು ಫೋಟೋ ತೆಗೆದ ಕೈಗಳಿಗೂ ಮೊನ್ನೆ ಫೋಟೋ ಕಳುಹಿಸಿದ ಕೈಗಳಿಗೂ ಎಷ್ಟು ದೂರವೆಂದು ನಾವು ಯೋಚಿಸುತ್ತಿದ್ದೇವೆ.

ಸಹಾಯ ಎಲ್ಲಿದೆ? ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡಗಳವರು, ಬಂಧನದಲ್ಲಿರುವವರು ಇವರಿಗೆಲ್ಲ 1987ರ ಕಾಯಿದೆಯಂತೆ ಆದಾಯ ನೋಡದೆ ಸರಕಾರವೇ ವಕೀಲರನ್ನು ಕೊಡಬೇಕು. ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಿರಿ, ಇಲ್ಲವೆ 15100ಕ್ಕೆ ಫೋನು ಮಾಡಿರಿ. ಮಕ್ಕಳ ಸಂಗತಿಯಾದರೆ 1098. ಮನಸ್ಸು ಹಿಡಿತಕ್ಕೆ ಬಾರದೆ ಇರುವವರು, ಕುಡಿತ ಬಿಡಲಾರದೆ ಇರುವ ಗಂಡಸರು 14416ಕ್ಕೆ ಮಾತಾಡಬಹುದು; ಕನ್ನಡದಲ್ಲಿಯೂ ಉತ್ತರ ಕೊಡುತ್ತಾರೆ, ಕಾಸು ಇಲ್ಲ. ಬೇಕಾದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಜೊತೆಗೆ ಬರಲು ನಮ್ಮ ಹೆಂಗಸರ ಕೂಟದವರು ಸಿದ್ಧರಿದ್ದಾರೆ.

ಬಟವಾಡೆಯ ಹಿಂದಿನ ವಾರಕ್ಕೆಂದು ಕಾಣಿಕೆಯ ಹಣದಿಂದ ಅಕ್ಕಿ, ಬೇಳೆ, ಮಕ್ಕಳ ಹಾಲಿನ ಪುಡಿ ತೆಗೆದಿಡಬೇಕೆಂದು ಸಮಿತಿ ತೀರ್ಮಾನಿಸಿದೆ. ಬಂದು ಕೇಳಿದವರ ಹೆಸರು ಯಾವ ಪುಸ್ತಕದಲ್ಲಿಯೂ ಬರೆಯುವುದಿಲ್ಲ. ಕಾರಣ ಕೇಳಬಾರದೆಂದ ಹಿರಿಯರೇ ಮೊದಲನೆಯ ಮೂಟೆಯನ್ನು ಹೊತ್ತು ತಂದರು. ಆ ಸಹೋದರಿ ಅಂಗಡಿಗೆ ಬೆಲೆ ಕಟ್ಟಿ ಬಂದಿದ್ದಾಳೆ, ನಮ್ಮಲ್ಲಿ ಇಬ್ಬರು ಜೊತೆಗೆ ಹೋಗಿದ್ದರು. ಸೋಮವಾರದಿಂದ ಸೊಪ್ಪಿಗೂ ಬರುತ್ತಿದ್ದಾಳೆ. ಮಗಳು ಇನ್ನೂ ಶಾಲೆಗೆ ಹೋಗುತ್ತಿಲ್ಲ. ಆ ಫೋಟೋ ನಿಮ್ಮ ಫೋನಿನಲ್ಲಿ ಇನ್ನೂ ಇದ್ದರೆ ಈ ಹಾಳೆಯನ್ನು ಮಡಿಸಿಡುವ ಮುಂಚೆ ಅದನ್ನು ಅಳಿಸಿಬಿಡಿರಿ.