ಬರಡು ನೆಲವೂ ಎಣ್ಣೆಯ ಬೆಳೆಯೂ

ಒಂದು ವಸ್ತುವಿಗೆ ಹೆಸರಿಡುವ ಅಧಿಕಾರವು ಯಾರ ಕೈಯಲ್ಲಿದೆಯೋ, ಆ ವಸ್ತುವಿನ ಅರ್ಧ ಒಡೆತನವೂ ಅವರ ಕೈಸೇರಿತೆಂದೇ ಎಣಿಸಬೇಕು. ದನಕರುಗಳು ಮೇಯುವ ನೆಲವನ್ನು ಹಳ್ಳಿಯ ಜನರು ಗೋಮಾಳವೆಂದರು, ಅರಸರು ಕಾವಲೆಂದರು, ಕಂದಾಯದ ದಫ್ತರವು ತನಗೆ ಹುಟ್ಟುವಳಿ ಕೊಡದ ಈ ನೆಲವನ್ನು ಬೀಳೆಂದೂ ಬಂಜರೆಂದೂ ಬರೆದಿಟ್ಟಿತು. ಡೀಸೆಲಿಗೆ ಬದಲಾಗಿ ಎಣ್ಣೆಯ ಗಿಡಗಳನ್ನು ಬೆಳೆಯಬೇಕೆಂಬ ಯೋಜನೆಗಳು ಈ ಮೂರನೆಯ ಹೆಸರಿನ ಜಾಡು ಹಿಡಿದೇ ಹಳ್ಳಿಗಳನ್ನು ಹೊಕ್ಕಿವೆ. ಅವುಗಳ ಯುಕ್ತಾಯುಕ್ತತೆಯನ್ನು ವಿಚಾರಿಸುವುದು ಅವಶ್ಯವಾಗಿದೆ.

ಮೊದಲು ಪೂರ್ವಪಕ್ಷವನ್ನು ನ್ಯಾಯವಾಗಿಯೇ ಹೇಳತಕ್ಕುದು. ಭಾರತವು ತನಗೆ ಬೇಕಾದ ಕಚ್ಚಾತೈಲದಲ್ಲಿ ನೂರಕ್ಕೆ ೮೦ಕ್ಕಿಂತಲೂ ಹೆಚ್ಚು ಪಾಲನ್ನು ಹೊರದೇಶಗಳಿಂದ ಕೊಳ್ಳುತ್ತದೆ. ಅನ್ನ ಬೆಳೆಯುವ ಹೊಲದಲ್ಲಿ ಇಂಧನವನ್ನು ಬೆಳೆದರೆ ಬಡವನ ಊಟಕ್ಕೆ ಕುತ್ತು ಬರುವುದು. ಆದಕಾರಣ ಯಾರಿಗೂ ಬೇಡವಾದ ನೆಲದಲ್ಲಿ, ಯಾರೂ ತಿನ್ನದ ಬೀಜದ ಗಿಡವನ್ನು ನೆಟ್ಟರೆ ನಷ್ಟವೇನೂ ಇಲ್ಲ, ಲಾಭವೇ ಎಲ್ಲ ಎಂದು ಯೋಜನೆಯ ಪಕ್ಷದವರು ಹೇಳುತ್ತಾರೆ. ೨೦೦೩ರಲ್ಲಿ ಯೋಜನಾ ಆಯೋಗದ ಸಮಿತಿಯು ಇಂತಹ ಬೆಳೆಗೆ ದೇಶದಲ್ಲಿ ೧೩೪ ಲಕ್ಷ ಹೆಕ್ಟೇರು ನೆಲ ದೊರೆಯುವುದೆಂದು ಲೆಕ್ಕಹಾಕಿತು. ೨೦೦೯ರ ರಾಷ್ಟ್ರೀಯ ಜೈವಿಕ ಇಂಧನ ನೀತಿಯು ೨೦೧೭ರ ವೇಳೆಗೆ ಡೀಸೆಲಿನಲ್ಲಿ ನೂರಕ್ಕೆ ೨೦ರಷ್ಟು ಗಿಡದ ಎಣ್ಣೆಯನ್ನು ಬೆರೆಸುವ ಗುರಿಯನ್ನಿಟ್ಟಿತು. ಕರ್ನಾಟಕದಲ್ಲಿ ಬಂದ ಒಂದು ಯೋಜನೆಗೆ ‘ಬರಡು ಬಂಗಾರ’ವೆಂದೇ ನಾಮಕರಣವಾಯಿತು.

ಕೇಳಲು ಇಂಪಾದ ಈ ವಾದದಲ್ಲಿ ಹೇತುವೇ ಅಸಿದ್ಧವಾಗಿದೆ. ಯಾರಿಗೂ ಬೇಡವಾದ ನೆಲವೆಂಬುದು ಆಕಾಶಕುಸುಮದಂತೆ ಮಾತಿನಲ್ಲಿ ಮಾತ್ರ ಇರತಕ್ಕ ಪದಾರ್ಥ. ಬಯಲುಸೀಮೆಯ ಯಾವ ಊರಿಗಾದರೂ ಹೋಗಿ ನೋಡಬಹುದು. ಬರಡೆಂದು ಬರೆದ ದಿಣ್ಣೆಯ ಮೇಲೆ ಮುಂಗಾರಿನ ನಾಲ್ಕು ಹನಿ ಬಿದ್ದೊಡನೆ ಹುಲ್ಲು ಚಿಗುರುವುದು. ಹೊಲವಿಲ್ಲದವನ ಎರಡು ಕುರಿ, ವಿಧವೆಯ ಒಂದು ಎಮ್ಮೆ ಅಲ್ಲಿಯೇ ಹೊಟ್ಟೆ ಹೊರೆಯುವುವು. ತಂಗಡಿ, ಬಂದರೆ, ಕಾರೆಗಳ ಪೊದೆಗಳಿಂದ ಒಲೆಗೆ ಪುಳ್ಳೆ ಬರುವುದು. ಈಚಲ ಗರಿಯಿಂದ ಚಾಪೆ, ಪೊರಕೆಗಳಾಗುವುವು. ಕರ್ನಾಟಕದ ಭೂಕಂದಾಯ ನಿಯಮಗಳೇ ನೂರು ದನಗಳಿಗೆ ೩೦ ಎಕರೆ ಮೇವಿನ ನೆಲವನ್ನು ಬಿಡಬೇಕೆಂದು ವಿಧಿಸಿವೆ. ಹೀಗಿರಲಾಗಿ, ೨೦೧೯ರಲ್ಲಿ ಪ್ರಕಟವಾದ ಭಾರತದ ಬಂಜರುಭೂಮಿಯ ನಕಾಶೆಗಳ ಗ್ರಂಥವು ದೇಶದ ೫೫೭ ಲಕ್ಷ ಹೆಕ್ಟೇರನ್ನು ಬಂಜರೆಂದು ಎಣಿಸುವಾಗ ಕುರುಚಲು ಪೊದೆಗಳ ನೆಲವನ್ನೂ ಅದರೊಳಗೇ ಸೇರಿಸಿತು. ಆಕಾಶದಿಂದ ತೆಗೆದ ಚಿತ್ರದಲ್ಲಿ ಪೊದೆಯು ಕಾಣುವುದು; ಪೊದೆಯ ಮರೆಯಲ್ಲಿ ಮೇಯುವ ಕುರಿಯೂ ಅದರ ಹಿಂದೆ ನಿಂತ ಮನುಷ್ಯನೂ ಕಾಣರು.

ಪೂರ್ವಿಕರ ಬುದ್ಧಿ ಬೇರೆಯಾಗಿತ್ತು. ಮೈಸೂರಿನ ಅರಸರು ಹುಲ್ಲುಗಾವಲುಗಳನ್ನು ರಾಜ್ಯದ ಸಂಪತ್ತೆಂದು ಭಾವಿಸಿ ಕಾವಲುಗಳನ್ನಾಗಿ ಕಾಪಾಡಿದರು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆಚಾವಡಿಯೆಂದೂ, ಟಿಪ್ಪುವಿನ ಕಾಲದಲ್ಲಿ ಅಮೃತಮಹಲೆಂದೂ ಹೆಸರಾದ ದನಗಳು ಈ ಕಾವಲುಗಳಲ್ಲಿ ಮೇದು ಬೆಳೆದುವು. ಸೈನ್ಯದ ಭಾರವನ್ನೆಳೆದ ಆ ಎತ್ತುಗಳ ಕೀರ್ತಿ ದೇಶಾಂತರಗಳಿಗೆ ಹಬ್ಬಿತು. ಅರಸನು ಕಾವಲಿಟ್ಟು ಕಾದುದು ಬರಡನ್ನೇ? ಮೇವು ಹಾಕದೆ ಹಾಲು ಬತ್ತಿಸಿದ ಹಸುವನ್ನು ಗೊಡ್ಡೆಂದು ಮಾರುವ ಗೃಹಸ್ಥನಿಗೂ, ಪಾಲನೆಯಿಲ್ಲದೆ ಸವೆದ ಗೋಮಾಳವನ್ನು ಬರಡೆಂದು ಪರಭಾರೆ ಮಾಡುವವರಿಗೂ ಭೇದವೇನಿದೆ?

ಇನ್ನು ಬೆಳೆಯ ವಿಚಾರ. ದೇಶವೆಲ್ಲ ಆಶೆಯಿಟ್ಟುದು ಜಟ್ರೋಫಾ ಎಂಬ ಕಾಡುಹರಳಿನ ಮೇಲೆ. ಮಧ್ಯ ಅಮೆರಿಕದ ಕಡೆಯಿಂದ ಬಂದ ಈ ಗಿಡವನ್ನು ದನ ಮೂಸುವುದಿಲ್ಲವೆಂಬ ಗುಣಕ್ಕಾಗಿಯೇ ರೈತರು ಬೇಲಿಗೆ ನೆಟ್ಟಿದ್ದರು. ಅದರ ಬೀಜದಲ್ಲಿ ವಿಷವಿರುವುದರಿಂದ ಹಿಂಡಿಯನ್ನೂ ದನಕ್ಕೆ ಹಾಕುವಂತಿಲ್ಲ. ದನ ಮೇಯುವ ನೆಲದಲ್ಲಿಯೇ ದನ ಮುಟ್ಟದ ಗಿಡವನ್ನು ಸಾಲುಸಾಲಾಗಿ ನೆಡುವುದು ಉಣ್ಣುವವನ ಎಲೆಗೆ ಮಣ್ಣು ಬಡಿಸಿದಂತೆ. ಒಣನೆಲದಲ್ಲಿ ಈ ಗಿಡ ಬದುಕುವುದೇನೋ ನಿಜ. ಆದರೆ ಬದುಕುವುದು ಬೇರೆ, ಕಾಯಿಬಿಡುವುದು ಬೇರೆ. ನೀರು ಗೊಬ್ಬರಗಳಿಲ್ಲದ ಕಡೆ ಇಳುವರಿ ನಿರೀಕ್ಷೆಯ ಹತ್ತಿರವೂ ಸುಳಿಯಲಿಲ್ಲ. ಒಂದೇ ಗೊಂಚಲಿನ ಕಾಯಿಗಳು ಒಟ್ಟಿಗೆ ಮಾಗದ ಕಾರಣ ಮತ್ತೆ ಮತ್ತೆ ಆರಿಸಬೇಕಾಗಿ, ಕೂಲಿಯೇ ಬೀಜದ ಬೆಲೆಯನ್ನು ನುಂಗಿತು. ಒಳ್ಳೆಯ ನೆಲದಲ್ಲಿ ಬೆಳೆಯೋಣವೆಂದರೆ ಅನ್ನದ ಬೆಳೆಗೆ ಹಾನಿ. ಕೆಟ್ಟ ನೆಲದಲ್ಲಿ ಬೆಳೆಯೋಣವೆಂದರೆ ಫಲವೇ ಇಲ್ಲ. ಶಾಸ್ತ್ರಜ್ಞರು ಉಭಯತಃಪಾಶಾರಜ್ಜುವೆನ್ನುವುದು ಇದನ್ನೇ. ೨೦೧೭ ಬಂದು ಹೋಯಿತು. ನೂರಕ್ಕೆ ೨೦ ಬೆರೆಯಬೇಕಾಗಿದ್ದ ಎಣ್ಣೆ ನೂರಕ್ಕೆ ಒಂದನ್ನೂ ಮುಟ್ಟಲಿಲ್ಲ.

ಕನ್ನಡಿಗರಿಗೆ ಇದು ಮೊದಲನೆಯ ಪಾಠವೂ ಅಲ್ಲ. ೧೯೮೦ರ ದಶಕದಲ್ಲಿ ಸರಕಾರವು ಪಾಲುಗೊಂಡ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪೆನಿಗೆ ಸುಮಾರು ೩೦,೦೦೦ ಹೆಕ್ಟೇರು ನೆಲವನ್ನು, ಅದೂ ಬೀಳುನೆಲವೆಂಬ ಹೆಸರಿನಲ್ಲಿಯೇ, ನೀಲಗಿರಿ ನೆಡಲು ಗೊತ್ತುಮಾಡಲಾಯಿತು. ೧೯೮೭ರ ನವೆಂಬರ್ ೧೪ರಂದು, ಆಗ ಧಾರವಾಡ ಜಿಲ್ಲೆಗೆ ಸೇರಿದ್ದ ಕುಸನೂರಿನಲ್ಲಿ, ‘ಕಿತ್ತಿಕೊ ಹಚ್ಚಿಕೊ’ ಸತ್ಯಾಗ್ರಹ ನಡೆಯಿತು. ಜನರು ನೀಲಗಿರಿಯ ಸಸಿಗಳನ್ನು ಕಿತ್ತು, ಹಣ್ಣಿನ ಮತ್ತು ಮೇವಿನ ಗಿಡಗಳನ್ನು ಹಚ್ಚಿದರು. ಶಿವರಾಮ ಕಾರಂತರು ಮೊದಲಾದವರು ಸುಪ್ರೀಂ ಕೋರ್ಟಿನ ಮೆಟ್ಟಿಲನ್ನೂ ಹತ್ತಿದರು. ೧೯೯೧ರಲ್ಲಿ ಆ ಕಂಪೆನಿಯನ್ನು ಮುಚ್ಚುವ ನಿಶ್ಚಯವಾಯಿತು. ಬರಡೆಂಬುದು ಸುಳ್ಳೆಂದು ಆ ನೆಲವನ್ನು ನಂಬಿ ಬದುಕಿದ್ದವರೇ ಸಾಕ್ಷಿ ನುಡಿದರು.

ಹಾಗಾದರೆ ಸವೆದ ನೆಲ ಸವೆಯುತ್ತಲೇ ಇರಲಿ, ಡೀಸೆಲಿಗಾಗಿ ಪರದೇಶಕ್ಕೆ ಹಣ ಹರಿಯುತ್ತಲೇ ಇರಲಿ ಎನ್ನುವಿರಾ ಎಂದು ಪ್ರತಿವಾದಿಗಳು ಕೇಳಬಹುದು. ಹಾಗಲ್ಲ. ನಿಷೇಧವು ಎಣ್ಣೆಯ ಮರಕ್ಕಲ್ಲ, ಗೋಮಾಳದ ಅಪಹರಣಕ್ಕೆ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯಂತೆ ಉಪೇಕ್ಷೆಗೊಳಗಾದ ಹೊಂಗೆಯು, ಸಂಸ್ಕೃತದಲ್ಲಿ ಕರಂಜವೆನಿಸಿದ ಮರವು, ರೈತನ ಬದುವಿನ ಮೇಲೆ ಹಿಂದಿನಿಂದಲೂ ನಿಂತಿದೆ. ಅದರ ಎಲೆ ಗದ್ದೆಗೆ ಗೊಬ್ಬರ. ಎಣ್ಣೆ ದೀಪಕ್ಕೂ ಚರ್ಮರೋಗಕ್ಕೂ ಬಂದುದು. ಹಿಂಡಿ ಮತ್ತೆ ನೆಲಕ್ಕೆ. ಬೇರು ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುವುದು. ಹಾಸನದ ಬಳಿಯ ಮಡೆನೂರಿನಲ್ಲಿ ಕೃಷಿ ವಿಶ್ವವಿದ್ಯಾನಿಲಯದವರು ೨೦೦೭ರಿಂದೀಚೆಗೆ ರೈತರೊಡಗೂಡಿ ಬದು ಬೇಲಿಗಳಲ್ಲಿ ಹೊಂಗೆ, ಬೇವು, ಹಿಪ್ಪೆಗಳನ್ನು ಬೆರಸಿ ಬೆಳೆಸುವ ಮಾರ್ಗವನ್ನು ತೋರಿಸಿದರು. ಇದರಿಂದ ಒಂದು ಗುಂಟೆ ಹೊಲವೂ ಹೋಗದು, ಒಂದು ದನದ ಮೇವೂ ತಪ್ಪದು. ದೇಶದ ಮೋಟಾರುಗಳೆಲ್ಲ ಇದರಿಂದ ಓಡವು ಎಂಬುದು ಸತ್ಯ. ಆದರೆ ರೈತನ ಆದಾಯಕ್ಕೆ ನಾಲ್ಕು ಕಾಸು ಸೇರುವುದೂ, ಊರಿನ ಗಾಣಕ್ಕೆ ಕೆಲಸ ದೊರೆಯುವುದೂ ಅಷ್ಟೇ ಸತ್ಯ.

೨೦೧೮ರ ಹೊಸ ನೀತಿಯು ಗುರಿಯನ್ನು ತಗ್ಗಿಸಿ, ೨೦೩೦ರ ವೇಳೆಗೆ ನೂರಕ್ಕೆ ೫ ಎಂದಿದೆ. ಬಂಜರಿನಲ್ಲಿ ಎಣ್ಣೆಬೀಜ ಬೆಳೆಯಬೇಕೆಂಬ ಹಳೆಯ ಮಾತು ಅದರಲ್ಲಿಯೂ ಉಳಿದಿದೆ. ಸಂಖ್ಯೆ ತಗ್ಗಿದರೆ ಸಾಲದು, ಶಬ್ದವೂ ತಿದ್ದಬೇಕು. ಯಾವ ನೆಲ ಬರಡು, ಯಾವುದು ಅಲ್ಲ ಎಂಬುದನ್ನು ಆ ನೆಲದ ಮೇಲೆ ದನ ಹೊಡೆದುಕೊಂಡು ಹೋಗುವವರೂ ಸೇರಿದ ಗ್ರಾಮಸಭೆಯು ನಿರ್ಣಯಿಸತಕ್ಕುದು. ಅಲ್ಲಿಯವರೆಗೆ ಗೋಮಾಳದಲ್ಲಿ ಗುಣಿ ತೋಡಲು ಯಾರಿಗೂ ಅಧಿಕಾರವಿಲ್ಲ.