ಕಿವಿಗೆ ಕೇಳಿಸದ ನೋಟಿಸು

ನಮ್ಮ ಕಾಲೇಜಿನ ವಾಟ್ಸಾಪ್ ಗ್ರೂಪಿಗೆ ಬರುವ ನೋಟಿಸುಗಳಲ್ಲಿ ಹೆಚ್ಚಿನವು ಫೋಟೊಗಳು. ವರ್ಡ್ ಫೈಲ್ ಬಂದರೂ ಅದರ ಕನ್ನಡ ಹಳೆಯ ನುಡಿ ಫಾಂಟಿನಲ್ಲಿರುತ್ತದೆ. ಕಣ್ಣಿಂದ ಓದುವ ನಮಗೆ ಇದರಲ್ಲಿ ತೊಂದರೆ ಕಾಣುವುದಿಲ್ಲ. ಕಿವಿಯಿಂದ ಓದುವವರಿಗೆ ಎರಡೂ ಪ್ರಯೋಜನಕ್ಕಿಲ್ಲ.

ಅಂಧರು ಕಂಪ್ಯೂಟರ್ ಬಳಸುವುದು ಸ್ಕ್ರೀನ್ ರೀಡರ್ ಎಂಬ ತಂತ್ರಾಂಶದ ಮೂಲಕ. ಪರದೆಯಲ್ಲಿರುವುದನ್ನು ಅದು ಗಟ್ಟಿಯಾಗಿ ಓದಿ ಹೇಳುತ್ತದೆ. ಮೌಸ್ ಬೇಡ, ಕೀಬೋರ್ಡ್ ಸಾಕು. ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಪೂರ್ತಿ ಉಚಿತ. ಆಸ್ಟ್ರೇಲಿಯಾದ ಅಂಧ ಯುವಕ ಮೈಕೆಲ್ ಕರನ್ 2006ರಲ್ಲಿ ಇದನ್ನು ಆರಂಭಿಸಿದರು. ಅದರ ಜೊತೆಗೇ ಬರುವ ಇ-ಸ್ಪೀಕ್ ಧ್ವನಿ ಕನ್ನಡವನ್ನೂ ಓದುತ್ತದೆ. ಧ್ವನಿ ಯಂತ್ರದ್ದೇ, ಆದರೂ ಅರ್ಥವಾಗುತ್ತದೆ.

ಹಾಗಾದರೆ ತೊಡಕೆಲ್ಲಿ? ಹಳೆಯ ನುಡಿಯ ಫೈಲಿನೊಳಗೆ ಕನ್ನಡ ಅಕ್ಷರವೇ ಇರುವುದಿಲ್ಲ. ಇಂಗ್ಲಿಷ್ ಅಕ್ಷರ, ಚಿಹ್ನೆಗಳಿಗೆ ಕನ್ನಡದ ವೇಷ ಹಾಕಿರುತ್ತಾರೆ, ಅಷ್ಟೇ. 'ಕ' ಕಾಣುವಲ್ಲಿ ಇರುವುದು 'ಪಿ'. 'ನ' ಕಾಣುವಲ್ಲಿ ಇರುವುದು ಬ್ರಿಟನ್ನಿನ ಪೌಂಡ್ ಚಿಹ್ನೆ. 'ಕನ್ನಡ' ಎಂದು ನಾವು ಬರೆದದ್ದರಲ್ಲಿ ಸ್ಕ್ರೀನ್ ರೀಡರಿಗೆ ಸಿಗುವುದು ಪಿ, ಪೌಂಡ್, ಕ್ಯೂ! ಯೂನಿಕೋಡಿನಲ್ಲಿ ಹೀಗಾಗುವುದಿಲ್ಲ, ಅಲ್ಲಿ 'ಕ' ಎಂದರೆ 'ಕ'ವೇ. ಈಗಿನ ನುಡಿಯಲ್ಲೂ ಯೂನಿಕೋಡ್ ಇದೆ, ಬೆರಳುಗಳು ಹೊಸತಾಗಿ ಕಲಿಯಬೇಕಾದ್ದು ಏನೂ ಇಲ್ಲ.

"ನಮ್ಮಲ್ಲಿ ಅಂಧ ವಿದ್ಯಾರ್ಥಿಗಳೇ ಇಲ್ಲವಲ್ಲ" ಎಂದು ಗೆಳೆಯರೊಬ್ಬರು ಕೇಳಿದರು. ನೋಟಿಸು ಓದುವವರು ವಿದ್ಯಾರ್ಥಿಗಳು ಮಾತ್ರವೇ? ದೃಷ್ಟಿ ಇಲ್ಲದ ತಂದೆಯೋ ತಾಯಿಯೋ ಮಗಳ ಪರೀಕ್ಷೆಯ ದಿನಾಂಕವನ್ನು ಇನ್ನೊಬ್ಬರಿಂದಲೇ ಓದಿಸಿಕೊಳ್ಳಬೇಕೇ? ಅಲ್ಲದೆ, ಇವತ್ತು ಇಲ್ಲಿ ಟೈಪ್ ಮಾಡುತ್ತಿರುವ ನಾವೇ ನಾಳೆ ಕಚೇರಿಗಳಲ್ಲಿ ಟೈಪ್ ಮಾಡುವವರು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಸರಕಾರಿ ಹುದ್ದೆಗಳಲ್ಲಿ ಕನಿಷ್ಠ ಶೇ. 4ನ್ನು ಮೀಸಲಿಟ್ಟಿದೆ, ಅದರಲ್ಲಿ ಶೇ. 1 ಅಂಧರಿಗೆ ಮತ್ತು ಮಂದದೃಷ್ಟಿಯವರಿಗೆ. ಹಾಗೆ ಕೆಲಸಕ್ಕೆ ಸೇರಿದವರ ಮುಂದೆ ಹಳೆಯ ನುಡಿಯ ಫೈಲ್ ಇಟ್ಟು, ಆಮೇಲೆ "ಇವರಿಂದ ಕೆಲಸ ಆಗುವುದಿಲ್ಲ" ಎನ್ನುವುದು ಯಾವ ನ್ಯಾಯ?

ವರ್ಡ್‌ನಲ್ಲಿ ಶೀರ್ಷಿಕೆಯನ್ನು ಬರೀ ದಪ್ಪ ಮಾಡದೆ ಹೆಡಿಂಗ್ ಸ್ಟೈಲ್ ಕೊಟ್ಟರೆ ಅಂಧರು ಒಂದು ಶೀರ್ಷಿಕೆಯಿಂದ ಇನ್ನೊಂದಕ್ಕೆ ಹಾರಬಹುದು. ಎಕ್ಸೆಲ್‌ನಲ್ಲಿ ಚಂದಕ್ಕೆಂದು ಸೆಲ್‌ಗಳನ್ನು ಮರ್ಜ್ ಮಾಡಿದರೆ ಅವರಿಗೆ ಸಾಲು-ಕಾಲಂ ಲೆಕ್ಕ ತಪ್ಪುತ್ತದೆ. ರಿವ್ಯೂ ಮೆನುವಿನಲ್ಲಿ ಇಂಥವನ್ನು ಪರಿಶೀಲಿಸುವ ಬಟನ್ನೇ ಇದೆ.

ಮುಂದಿನ ಸಂಚಿಕೆಯಿಂದ ಈ ಪತ್ರಿಕೆಯ ಯೂನಿಕೋಡ್ ಪ್ರತಿಯನ್ನೂ ಗ್ರೂಪಿಗೆ ಹಾಕಬೇಕೆಂದು ಸಂಪಾದಕ ಬಳಗವನ್ನು ಕೇಳಿಕೊಳ್ಳುತ್ತೇನೆ. ಹಳೆಯ ಫೈಲ್‌ಗಳಿಗೆ ಕನ್ವರ್ಟರ್ ಇದೆ. ಒತ್ತಕ್ಷರಗಳು ಅಲ್ಲಲ್ಲಿ ಕೆಟ್ಟರೆ ಕೂತು ತಿದ್ದಲು ನಮ್ಮ ಕಾಮರ್ಸ್ ತರಗತಿಯ ಮೂವರು ತಯಾರಿದ್ದೇವೆ.