ಅಂಗಡಿಯ ಗಣಕಯಂತ್ರ: ಕೇಳದೇ ಉಳಿಯುವ ಮೂರನೆಯ ಪ್ರಶ್ನೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ವರ್ತಕರು ಗಣಕಯಂತ್ರ ಖರೀದಿಸುವಾಗ ಸಾಮಾನ್ಯವಾಗಿ ಬೆಲೆ ಎಷ್ಟು, ವೇಗ ಎಷ್ಟು ಎಂದು ವಿಚಾರಿಸುತ್ತಾರೆ. ಕೆಲಸವಿಲ್ಲದೆ ಸುಮ್ಮನೆ ಚಾಲನೆಯಲ್ಲಿರುವಾಗ ಅದು ಎಷ್ಟು ವ್ಯಾಟ್ ವಿದ್ಯುತ್ ಎಳೆಯುತ್ತದೆ ಎಂದು ಕೇಳುವವರು ವಿರಳ. ಹಗಲಿರುಳು ನಡೆಯಬೇಕಾದ ಯಂತ್ರದ ಮಟ್ಟಿಗೆ ಮೊದಲು ಕೇಳಬೇಕಾದುದು ಇದನ್ನೇ.

ಒಂದು ವ್ಯಾಟ್ ವರ್ಷವಿಡೀ ಬಳಕೆಯಾದರೆ 8.76 ಯೂನಿಟ್. ಹಳೆಯ ಡೆಸ್ಕ್‌ಟಾಪ್ 80 ವ್ಯಾಟ್ ಬಳಸುವುದೆಂದು ಹಿಡಿದರೆ ವರ್ಷಕ್ಕೆ 700 ಯೂನಿಟ್ ಆಯಿತು. 2023ರಲ್ಲಿ ಬಂದ ಇಂಟೆಲ್ ಎನ್100 ಪ್ರೊಸೆಸರ್‌ನ ನಿಗದಿತ ಮಿತಿ ಕೇವಲ 6 ವ್ಯಾಟ್. ಅದನ್ನು ಅಳವಡಿಸಿದ ಅಂಗೈಯಗಲದ ಗಣಕಯಂತ್ರ ಹಾಗೂ ಎರಡು ಡಿಸ್ಕ್‌ಗಳ ನೆಟ್‌ವರ್ಕ್ ಸಂಗ್ರಹ ಪೆಟ್ಟಿಗೆ ಸೇರಿ 30 ವ್ಯಾಟ್ ಬಳಸಿದರೂ 263 ಯೂನಿಟ್. ಯೂನಿಟ್‌ಗೆ 8 ರೂ. ಎಂದುಕೊಂಡರೆ ಉಳಿತಾಯ ಸುಮಾರು 3,500 ರೂ. ರಾತ್ರಿ ಬಾಗಿಲು ಹಾಕುವಾಗ ಯಂತ್ರವನ್ನೂ ಆರಿಸಿ ಹೋಗುವವರಿಗೆ ಈ ಲೆಕ್ಕ ಅನ್ವಯಿಸದು; ಅವರು ಇರುವುದನ್ನೇ ಬಳಸುವುದು ಜಾಣತನ.

ಹಣಕ್ಕಿಂತ ಮುಖ್ಯವಾದುದು ಬ್ಯಾಟರಿ. ತಿರುಮಣಿಯ ಸೌರ ಉದ್ಯಾನದ ಸಾಮರ್ಥ್ಯ 2,050 ಮೆಗಾವ್ಯಾಟ್ ಇರಬಹುದು. ಆ ವಿದ್ಯುತ್ತು ಗ್ರಿಡ್ಡಿಗೆ ಹೋಗುತ್ತದೆಯೇ ಹೊರತು ನೆರೆಯ ಅಂಗಡಿಯ ಇನ್ವರ್ಟರ್‌ಗೆ ಇಳಿಯುವುದಿಲ್ಲ. ದೀಪ, ಫ್ಯಾನು, ಕ್ಯಾಮೆರಾಗಳನ್ನೆಲ್ಲ ಹೊತ್ತ ಇನ್ವರ್ಟರ್ ಮೇಲೆ 80 ವ್ಯಾಟ್‌ನ ಹೊರೆಗೂ 30 ವ್ಯಾಟ್‌ನ ಹೊರೆಗೂ ಇರುವ ಅಂತರ ದೀರ್ಘ ವಿದ್ಯುತ್ ಕಡಿತದ ದಿನವೇ ತಿಳಿಯುವುದು. ಕಡಿಮೆ ವಿದ್ಯುತ್ತೆಂದರೆ ಕಡಿಮೆ ಶಾಖ. ಫ್ಯಾನ್ ಇಲ್ಲದ ಮಾದರಿಯಾದರೆ ಶೇಂಗಾ ಗಿರಣಿಯ ಧೂಳೂ ಒಳನುಗ್ಗುವುದು ಕಡಿಮೆ.

ಲೆಕ್ಕಪತ್ರಗಳ ವಿಷಯ ಇನ್ನೂ ಗಂಭೀರವಾದುದು. ಜಿಎಸ್‌ಟಿ ಕಾಯ್ದೆಯ 36ನೇ ಕಲಮಿನ ಪ್ರಕಾರ ಲೆಕ್ಕಪತ್ರಗಳನ್ನು ವಾರ್ಷಿಕ ವಿವರಪಟ್ಟಿ ಸಲ್ಲಿಕೆಯ ಕೊನೆಯ ದಿನದಿಂದ 72 ತಿಂಗಳು ಕಾಪಾಡಬೇಕು. ಅವು ವಿದ್ಯುನ್ಮಾನ ರೂಪದಲ್ಲಿದ್ದರೆ, ಆಕಸ್ಮಿಕವಾಗಿ ನಾಶವಾದರೂ ಮರಳಿ ಪಡೆಯುವಂತೆ ಪ್ರತಿ ಇಟ್ಟಿರಬೇಕೆಂದು 57ನೇ ನಿಯಮ ವಿಧಿಸುತ್ತದೆ. ಎರಡು ಡಿಸ್ಕ್‌ಗಳಲ್ಲಿ ಏಕಕಾಲಕ್ಕೆ ಬರೆಯುವ ಪೆಟ್ಟಿಗೆಯನ್ನು ಕೊಂಡೊಡನೆ ಈ ಹೊಣೆ ತೀರಿತೆಂದು ಭಾವಿಸುವವರಿದ್ದಾರೆ. ಅದು ತಪ್ಪು ಕಲ್ಪನೆ. ಒಂದು ಡಿಸ್ಕ್ ಕೆಟ್ಟರೆ ಮಾತ್ರ ಇನ್ನೊಂದು ಕೈಹಿಡಿಯುತ್ತದೆ. ಗುಮಾಸ್ತ ಅಳಿಸಿದ ಕಡತ ಎರಡರಲ್ಲೂ ಅಳಿಯುತ್ತದೆ, ವೈರಸ್ ಎರಡನ್ನೂ ಕೆಡಿಸುತ್ತದೆ, ಸಿಡಿಲು ಹಾಗೂ ಕಳ್ಳರು ಎರಡನ್ನೂ ಒಯ್ಯುತ್ತಾರೆ. ವಾರಕ್ಕೊಮ್ಮೆ ಹೊರ ಡಿಸ್ಕ್‌ಗೆ ಪ್ರತಿ ತೆಗೆದು ಅದನ್ನು ಬೇರೆ ಕಟ್ಟಡದಲ್ಲಿ ಇಡುವುದು ಅನಿವಾರ್ಯ.

ಅಂಗಡಿಯ ಮೇಲೆಯೇ ಮನೆಯಿರುವವರು ಇದೇ ಪುಟ್ಟ ಯಂತ್ರವನ್ನು ದೂರದರ್ಶನಕ್ಕೆ ಜೋಡಿಸಿ ಚಲನಚಿತ್ರ ನೋಡಲು ಬಯಸುವುದು ಸಹಜ. ಎನ್100 ವರ್ಗದ ಪ್ರೊಸೆಸರ್‌ಗಳು 4ಕೆ ಚಿತ್ರವನ್ನೂ ಸಲೀಸಾಗಿ ತೋರಿಸಬಲ್ಲವು. ಆದರೆ ಸಿಕ್ಕಸಿಕ್ಕಲ್ಲಿಂದ ಚಿತ್ರಗಳನ್ನು ಇಳಿಸಿಕೊಳ್ಳುವ ಯಂತ್ರದಲ್ಲಿ ಖಾತೆಯ ಲೆಕ್ಕ ಇರಕೂಡದು. ದೂರದರ್ಶನಕ್ಕೆ ಪ್ರತ್ಯೇಕ ಯಂತ್ರವಿಟ್ಟು, ಸಂಗ್ರಹ ಪೆಟ್ಟಿಗೆಯಲ್ಲಿ ಚಿತ್ರಗಳ ಕಡತಕೋಶವನ್ನು ಮಾತ್ರ ಅದಕ್ಕೆ ತೆರೆದಿಡುವುದು ಕ್ಷೇಮ.

ಇನ್ನೊಂದು ಸಂಗತಿಯನ್ನು ಮಾರಾಟಗಾರರು ಹೇಳುವುದೇ ಇಲ್ಲ. ಗೃಹಬಳಕೆಯ ಸಾಮಾನ್ಯ ಇನ್ವರ್ಟರ್‌ಗಳು ಬ್ಯಾಟರಿ ಮುಗಿಯುತ್ತಿದೆ ಎಂದು ಸಂಗ್ರಹ ಪೆಟ್ಟಿಗೆಗೆ ಸೂಚನೆ ನೀಡುವುದಿಲ್ಲ. ಬರೆಯುತ್ತಿರುವಾಗಲೇ ವಿದ್ಯುತ್ ಹೋದರೆ ಕಡತಗಳು ಹಾಳಾಗಬಹುದು. ಯುಎಸ್‌ಬಿ ತಂತಿಯ ಮೂಲಕ ಸೂಚನೆ ನೀಡುವ ಸಣ್ಣ ಯುಪಿಎಸ್ ಒಂದನ್ನು ನಡುವೆ ಜೋಡಿಸಿದರೆ ಪೆಟ್ಟಿಗೆ ತಾನಾಗಿಯೇ ಕ್ರಮಬದ್ಧವಾಗಿ ನಿಲ್ಲುತ್ತದೆ. ಪಾವಗಡದವರು ಅದೇ ಗಾತ್ರದ ಹೆಚ್ಚುವರಿ ಡಿಸ್ಕ್ ಒಂದನ್ನು ಬೀರುವಿನಲ್ಲಿ ಇಟ್ಟುಕೊಳ್ಳುವುದೂ ಒಳಿತು. ತುಮಕೂರಿಗೆ ಹೋಗಿ ತರುವಷ್ಟರಲ್ಲಿ ಉಳಿದ ಡಿಸ್ಕ್ ಒಂಟಿಯಾಗಿ ಭಾರ ಹೊತ್ತಿರುತ್ತದೆ.